ಉದ್ದರಿ ಪುಸ್ತಕ ಯಾರ ಕೈಲಿ?

ಅಂಗಡಿಯವನು ಎಂದಿದ್ದರೂ ಅಂಗಡಿಯವನೇ, ಲಾಭ ಬಿಟ್ಟರೆ ಅವನಿಗೆ ಬೇರೆ ದೇವರಿಲ್ಲ, ಮುಷ್ಕರದ ಹೊತ್ತಿನಲ್ಲಿ ಅವನನ್ನು ನಂಬಿದವನು ಕೆಟ್ಟ! ಈ ಮಾತನ್ನು ನಮ್ಮ ಕಾರ್ಯಕರ್ತರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇವೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಎಂಬುದಕ್ಕೆ ಅಮೆರಿಕದ ಪಶ್ಚಿಮ ಭಾಗದ ಕಲ್ಲಿದ್ದಲ ಗಣಿಗಳ ಸುತ್ತ ಗ್ರೀಸಿನಿಂದ ವಲಸೆ ಹೋದವರು ಇಟ್ಟಿದ್ದ ಕಾಫಿ ಅಂಗಡಿ ಮತ್ತು ಪಾನಗೃಹಗಳ ಕಥೆಯೇ ಸಾಕ್ಷಿ. ಆ ಅಂಗಡಿಗಳಲ್ಲಿ ಕೂಲಿಕಾರನನ್ನು ಮಾರಿದವರೂ ಇದ್ದರು, ಕೂಲಿಕಾರನಿಗಾಗಿ ಪ್ರಾಣ ಕೊಟ್ಟವನೂ ಇದ್ದ. ಒಂದೇ ಕಸುಬಿನಿಂದ ಎರಡು ಬಗೆಯ ಮನುಷ್ಯರು ಹೇಗೆ ಬಂದರೆಂದು ತಿಳಿಯದೆ, ಇಡೀ ಕಸುಬಿಗೇ ಒಂದು ಹೆಸರಿಟ್ಟು ಕೂರುವುದು ಸೋಮಾರಿತನ.

ಗ್ರೀಕರು ಮೋಜಿಗಾಗಿ ಸಮುದ್ರ ದಾಟಿದವರಲ್ಲ. ಅವರ ನಾಡಿನ ರೈತ ಒಣದ್ರಾಕ್ಷಿ ಬೆಳೆದು ಹೊರದೇಶಕ್ಕೆ ಮಾರಿ ಬದುಕುತ್ತಿದ್ದ. 1890ರ ದಶಕದಲ್ಲಿ ಅದರ ಬೆಲೆ ಕುಸಿಯಿತು. 1893ರಲ್ಲಿ ಸರ್ಕಾರವೇ ದಿವಾಳಿಯಾಯಿತು. ಮನೆಯಲ್ಲಿ ಮದುವೆಗೆ ನಿಂತ ಅಕ್ಕತಂಗಿಯರು; ಅವರಿಗೆ ವರದಕ್ಷಿಣೆ ಹೊಂದಿಸದೆ ಅಣ್ಣತಮ್ಮಂದಿರು ತಾವು ಮದುವೆಯಾಗುವಂತಿಲ್ಲ. ಈ ಸಂಕಟ ಏನೆಂದು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1890ರಿಂದ 1920ರ ದಶಕದ ಮೊದಲವರೆಗೆ ಸುಮಾರು ನಾಲ್ಕು ಲಕ್ಷ ಗ್ರೀಕರು ಅಮೆರಿಕಕ್ಕೆ ಹೋದರು. ಅವರಲ್ಲಿ ಬಹುಪಾಲು ಒಂಟಿ ಗಂಡಸರು. ರೈಲುಹಾದಿ ಹಾಕಲು, ತಾಮ್ರ ಅಗೆಯಲು, ಕಲ್ಲಿದ್ದಲು ತೋಡಲು ಅವರ ತೋಳು ಬೇಕಾಗಿತ್ತು. ಅವರ ಭಾಷೆಯಾಗಲಿ ಮಾನವಾಗಲಿ ಯಾರಿಗೂ ಬೇಕಾಗಿರಲಿಲ್ಲ.

ಕೊಲರಾಡೊ ಸಂಸ್ಥಾನದ ಗಣಿ ಊರು ಹೇಗಿತ್ತು? ಗಣಿ ಕಂಪೆನಿಯದು. ಗಣಿಯ ಸುತ್ತಲ ನೆಲ ಕಂಪೆನಿಯದು. ಕೂಲಿಯ ಗುಡಿಸಲು, ಮಕ್ಕಳ ಶಾಲೆ, ಡಾಕ್ಟರು, ಕಾವಲಿನವನು, ಎಲ್ಲ ಕಂಪೆನಿಯವೇ. ರಾಕ್‌ಫೆಲ್ಲರ್ ಮನೆತನದ ಹಿಡಿತದಲ್ಲಿದ್ದ ಕೊಲರಾಡೊ ಫ್ಯೂಯಲ್ ಅಂಡ್ ಐರನ್ ಕಂಪೆನಿ ಅಲ್ಲಿನ ದೊಡ್ಡ ಧಣಿ. ಅಂಗಡಿ ಕಂಪೆನಿಯದು, ಸಾರಾಯಿ ಮಾರುವವನೂ ಕಂಪೆನಿಗೆ ಬಾಡಿಗೆ ಕಟ್ಟಿ ಅದರ ಕೃಪೆಯಲ್ಲಿ ಬದುಕುವವನು. ಕೂಲಿಯ ದಿನ ಬರುವ ಮೊದಲೇ ಚೀಟಿ ಪಡೆದು ಸಾಮಾನು ತಂದವನಿಗೆ ತಿಂಗಳ ಕೊನೆಗೆ ಕೈಗೆ ಸಿಗುವುದು ಲೆಕ್ಕದ ಕಾಗದ ಮಾತ್ರ. ಹೆಗಲ ಮೇಲೆ ಗುದ್ದಲಿ ಹೊತ್ತು ಒಳಗೆ ಹೋದವನ ಬೆವರು, ಸಂಜೆ ಬ್ರೆಡ್ಡು ಮತ್ತು ಹೆಂಡದ ಬೆಲೆಯಾಗಿ ಮತ್ತೆ ಅದೇ ಪೆಟ್ಟಿಗೆಗೆ ಬೀಳುತ್ತಿತ್ತು. ಅಷ್ಟಾದರೂ ಪ್ರಾಣ ಉಳಿಯುತ್ತಿತ್ತೇ? 1884ರಿಂದ 1912ರವರೆಗೆ ಆ ಒಂದು ಸಂಸ್ಥಾನದ ಗಣಿ ಅಪಘಾತಗಳಲ್ಲಿ ಸತ್ತವರು 1,700ಕ್ಕೂ ಹೆಚ್ಚು.

ಇಂಥ ಊರಿನ ಎಲ್ಲೆಯಾಚೆ, ಕಂಪೆನಿಯ ನೆಲವಲ್ಲದ ಕಡೆ, ಗ್ರೀಕನೊಬ್ಬ ಬೆಂಚು ಮೇಜು ಹಾಕಿ ಅಂಗಡಿ ತೆರೆಯುತ್ತಾನೆ. ಅದಕ್ಕೆ ಅವರ ಭಾಷೆಯಲ್ಲಿ ಕಾಫೆನೀಯೊ ಎಂದು ಹೆಸರು. ಗಸಿ ಉಳಿಯುವ ಗಟ್ಟಿ ಕಾಫಿ, ಸಣ್ಣ ಬಟ್ಟಲು. ಇಸ್ಪೀಟು. ನ್ಯೂಯಾರ್ಕಿನಲ್ಲಿ 1894ರಲ್ಲಿ ಹುಟ್ಟಿದ ಗ್ರೀಕ್ ಪತ್ರಿಕೆ ‘ಅಟ್ಲಾಂಟಿಸ್’. ಓದು ಬಂದವನು ಗಟ್ಟಿಯಾಗಿ ಓದಬೇಕು, ಬಾರದವರು ಸುತ್ತ ಕೂತು ಕೇಳಬೇಕು. ಊರಿಗೆ ಕಾಗದ ಬರೆಸುವುದು ಅಲ್ಲೇ, ಬಂದ ಕಾಗದ ಓದಿಸಿಕೊಳ್ಳುವುದೂ ಅಲ್ಲೇ. ಒಮ್ಮೊಮ್ಮೆ ನಮ್ಮ ತೊಗಲುಗೊಂಬೆಯಂಥ ನೆರಳಾಟವೂ ನಡೆಯುತ್ತಿತ್ತು. ಹಸಿದ ಹೊಟ್ಟೆಯ ಚತುರ ಕರಗಿಯೋಜಿ ಅದರ ನಾಯಕ, ಅಧಿಕಾರಿಗಳಿಗೆ ಟೋಪಿ ಹಾಕುವುದೇ ಅವನ ಕೆಲಸ. ಕೆಲಸ ಎಲ್ಲಿದೆ, ಯಾವ ಗಣಿಯಲ್ಲಿ ಛಾವಣಿ ಸಡಿಲ, ಯಾವ ತೂಕದವನು ಕಳ್ಳ ಎಂಬ ಸುದ್ದಿ ಮೊದಲು ಹುಟ್ಟುವ ಜಾಗವೂ ಅದೇ. ಪರದೇಶಿಯಾದವನು ತನ್ನ ಭಾಷೆಯಲ್ಲಿ ಜೋರಾಗಿ ನಗಬಹುದಾಗಿದ್ದ ಜಾಗ ಅದೊಂದೇ ಇದ್ದಿರಬೇಕು.

ಇಷ್ಟು ಹೇಳಿ ಅದನ್ನು ಗುಡಿಯೆಂದು ಪೂಜಿಸಿದರೆ ಮೋಸ ಹೋದಂತೆ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವಾರದ ಕೂಲಿಯನ್ನು ಒಂದು ರಾತ್ರಿಯ ಇಸ್ಪೀಟಿನಲ್ಲಿ ಕಳೆದು, ತಂಗಿಯ ಮದುವೆಯನ್ನು ಇನ್ನೊಂದು ವರ್ಷ ಮುಂದಕ್ಕೆ ದೂಡಿದವರೂ ಇದ್ದರು. ಅದಕ್ಕಿಂತ ದೊಡ್ಡ ಕೇಡೆಂದರೆ ಆಳು ಒದಗಿಸುವ ಮೇಸ್ತ್ರಿಗಳು. ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರದಲ್ಲಿ ಲಿಯೋನಿದಾಸ್ ಸ್ಕ್ಲೀರಿಸ್ ಎಂಬ ಗ್ರೀಕನೊಬ್ಬನಿದ್ದ; ಜನ ಅವನನ್ನು ಗ್ರೀಕರ ಜಾರ್ ಎಂದೇ ಕರೆಯುತ್ತಿದ್ದರು. ಕೆಲಸ ಕೊಡಿಸಿದ್ದಕ್ಕೆ ಶುಲ್ಕ, ಕೆಲಸ ಉಳಿಸಿದ್ದಕ್ಕೆ ತಿಂಗಳ ಕಾಣಿಕೆ. ಅವನ ಪಾಲಿದ್ದ ಅಂಗಡಿಯಲ್ಲೇ ಸಾಮಾನು ಕೊಳ್ಳಬೇಕೆಂಬ ಒತ್ತಾಯ ಬೇರೆ. ಕಾಫಿ ಅಂಗಡಿಗಳೇ ಅವನ ಮಂದಿಯ ಬಲೆ. ತನ್ನ ನಾಡಿನವನು, ತನ್ನ ಭಾಷೆಯವನು ಎಂದು ನಂಬಿ ಬಂದವನನ್ನು ಆ ಭಾಷೆಯಲ್ಲೇ ಕಟ್ಟಿಹಾಕುತ್ತಿದ್ದರು. 1912ರಲ್ಲಿ ಬಿಂಗ್‌ಹ್ಯಾಮಿನ ತಾಮ್ರದ ಗಣಿಗಳಲ್ಲಿ ಮುಷ್ಕರವಾದಾಗ ಗ್ರೀಕ್ ಕೂಲಿಗಳು ಕೂಲಿ ಏರಿಕೆಯ ಜೊತೆಗೆ ಈ ಮಹಾಶಯನನ್ನು ತೊಲಗಿಸಬೇಕೆಂದೂ ಹಟ ಹಿಡಿದರು. ಸ್ಕ್ಲೀರಿಸ್ ತನ್ನ ಸ್ಥಾನ ಬಿಡಬೇಕಾಯಿತು. ಸ್ವಜಾತಿ, ಸ್ವಭಾಷೆ ಎಂಬ ಮಾತಿಗೆ ಮರುಳಾಗುವವರು ಈ ಒಂದು ಬೇಡಿಕೆಯನ್ನು ನೆನಪಿನಲ್ಲಿಡಲಿ.

ಇನ್ನೊಂದು ಕಹಿ ಸತ್ಯವನ್ನೂ ಹೇಳಿಬಿಡಬೇಕು. ಯೂಟಾದ ಕಾರ್ಬನ್ ಕೌಂಟಿಯ ಕಲ್ಲಿದ್ದಲ ಗಣಿಗಳಿಗೆ ಗ್ರೀಕರು ಮೊದಲು ಕಾಲಿಟ್ಟಿದ್ದು 1903-04ರಲ್ಲಿ ಅಲ್ಲಿ ಇಟಲಿಯವರು ಹೂಡಿದ ಮುಷ್ಕರವನ್ನು ಮುರಿದ ಮೇಲೆ, ಅವರ ಜಾಗ ತುಂಬಲು. ಹಸಿದವನ ಕೈಲಿ ಹಸಿದವನನ್ನು ಹೊಡೆಸುವುದು ಬಂಡವಾಳಶಾಹಿಯ ಹಳೆಯ ವಿದ್ಯೆ. ಆದರೆ ಹಾಗೆ ಬಂದವನನ್ನು ಶಾಶ್ವತವಾಗಿ ದ್ರೋಹಿಯೆಂದು ಬಹಿಷ್ಕರಿಸಿದ್ದರೆ ಲೂಯಿ ಟಿಕಾಸ್ ಎಂಬವನು ಕಾರ್ಮಿಕ ಚಳವಳಿಗೆ ಸಿಕ್ಕುತ್ತಲೇ ಇರಲಿಲ್ಲ.

ಟಿಕಾಸ್ ಕ್ರೀಟ್ ದ್ವೀಪದವನು. ಹುಟ್ಟಿದ್ದು 1886ರಲ್ಲಿ, ಮನೆಯಲ್ಲಿಟ್ಟ ಹೆಸರು ಇಲಿಯಾಸ್ ಸ್ಪಾಂಟಿಡಾಕಿಸ್. 1906ರಲ್ಲಿ ಅಮೆರಿಕಕ್ಕೆ ಬಂದ. 1910ರ ಹೊತ್ತಿಗೆ ಡೆನ್ವರ್ ನಗರದ ಮಾರ್ಕೆಟ್ ಬೀದಿಯಲ್ಲಿ ಒಂದು ಕಾಫಿ ಅಂಗಡಿಯ ಪಾಲುದಾರ. ನಮ್ಮ ಕಟ್ಟುನಿಟ್ಟಿನ ಗೆಳೆಯರ ಲೆಕ್ಕದಲ್ಲಿ ಅಲ್ಲಿಗೆ ಅವನ ಜಾತಕ ಮುಗಿಯಿತು! ಆಮೇಲೆ ಅವನು ಉತ್ತರ ಕೊಲರಾಡೊದ ಗಣಿಗೆ ಹೋದ; ಹೋದದ್ದು ಮುಷ್ಕರ ಮುರಿಯುವ ಆಳಾಗಿ. ಅಲ್ಲಿ ಕಣ್ಣಾರೆ ಕಂಡದ್ದು ಅವನನ್ನು ಬದಲಿಸಿತು. 1912ರ ಕೊನೆಯೊಳಗೆ ಫ್ರೆಡರಿಕ್ ಎಂಬ ಊರಿನ ಗಣಿಯಿಂದ 63 ಜನ ಗ್ರೀಕರನ್ನು ಕರೆದುಕೊಂಡು ಹೊರಗೆ ನಡೆದ. ಆಮೇಲೆ ಗಣಿ ಕಾರ್ಮಿಕರ ಯೂನಿಯನ್ನಿನ ಸಂಘಟಕನಾದ. ಕಾಗದ ಓದುವುದು, ಅರ್ಜಿ ಬರೆಯುವುದು, ಇಂಗ್ಲಿಷನ್ನು ಗ್ರೀಕಿಗೆ, ಗ್ರೀಕನ್ನು ಇಂಗ್ಲಿಷಿಗೆ ಮಾಡುವುದು, ಕುಡಿದು ಜಗಳಕ್ಕೆ ನಿಂತ ಇಬ್ಬರನ್ನು ಬಿಡಿಸಿ ಕೂರಿಸುವುದು: ಕಾಫಿ ಅಂಗಡಿ ಕಲಿಸುವ ಈ ವಿದ್ಯೆಗಳೆಲ್ಲ ಸಂಘಟಕನಿಗೂ ಬೇಕಾದವೇ ಅಲ್ಲವೇ?

1913ರ ಸೆಪ್ಟೆಂಬರ್ 23ರಂದು ದಕ್ಷಿಣ ಕೊಲರಾಡೊದ ಗಣಿಗಳಲ್ಲಿ ಮುಷ್ಕರ ಶುರುವಾಯಿತು. ಬೇಡಿಕೆಗಳು ಏಳು. ಯೂನಿಯನ್ನಿಗೆ ಮನ್ನಣೆ, ಎಂಟು ಗಂಟೆಯ ದಿನ, ಕಲ್ಲಿದ್ದಲಿನ ತೂಕ ನೋಡಲು ತಾವೇ ಆರಿಸಿದ ಮನುಷ್ಯ, ಇವೆಲ್ಲ ಯಾರಿಗೂ ಅರ್ಥವಾಗುವಂಥವು. ಅವುಗಳ ನಡುವೆ ಇನ್ನೊಂದಿದೆ: ತಮಗೆ ಬೇಕಾದ ಅಂಗಡಿಯಲ್ಲಿ ಸಾಮಾನು ಕೊಳ್ಳುವ, ಬೇಕಾದ ಕಡೆ ವಾಸ ಮಾಡುವ, ಬೇಕಾದ ಡಾಕ್ಟರನ್ನು ಕಾಣುವ ಹಕ್ಕು. ಚರಿತ್ರೆ ಬರೆಯುವವರು ಇದನ್ನು ಸಣ್ಣ ಬೇಡಿಕೆಯೆಂದು ಓದಿ ಮುಂದೆ ಸಾಗುವುದುಂಟು. ನಮ್ಮ ದೃಷ್ಟಿಯಲ್ಲಿ ಇದು ಬೇರು. ಮುಷ್ಕರದ ದಿನವೇ ಕಂಪೆನಿಯ ಅಂಗಡಿ ಉದ್ದರಿ ನಿಲ್ಲಿಸುತ್ತದೆ. ಕಂಪೆನಿಯ ಮನೆಯಿಂದ ಹೊರಗೆ ತಳ್ಳುತ್ತಾರೆ. ಹಿಟ್ಟಿನ ಡಬ್ಬಿಯ ಮುಚ್ಚಳವೇ ಧಣಿಯ ಕೈಲಿರುವಾಗ ಎಂಟು ಗಂಟೆಯ ದಿನಕ್ಕಾಗಿ ಎಷ್ಟು ದಿನ ಹೋರಾಡಬಹುದು? ಬಂದೂಕಿಗೆ ಮೊದಲು ಕೆಲಸ ಮಾಡುವುದು ಉದ್ದರಿ ಪುಸ್ತಕ. ಆ ಪುಸ್ತಕ ಕಂಪೆನಿಯದಲ್ಲದ ಇನ್ನೊಬ್ಬನ ಕೈಲಿದ್ದರೆ, ಅವನು ಸ್ವಾರ್ಥಿಯೇ ಆಗಿರಲಿ, ಕೂಲಿಕಾರನಿಗೆ ನಾಲ್ಕು ವಾರ ಉಸಿರಾಡಲು ಅವಕಾಶವುಂಟು. ಅವನು ಕೊಡುವ ಉದ್ದರಿ ದಾನವಲ್ಲ. ಗಣಿಯವನು ಊರು ಬಿಟ್ಟರೆ ಅಂಗಡಿಯ ಒಲೆಯೂ ಆರುತ್ತದೆಂಬುದು ಅವನಿಗೂ ಗೊತ್ತು. ಇಬ್ಬರ ಹೊಟ್ಟೆಯೂ ಒಂದೇ ಹಗ್ಗಕ್ಕೆ ಕಟ್ಟಿದೆ. ಇದನ್ನು ಕಾಣದೆ ಅಂಗಡಿಯವನನ್ನು ಧಣಿಯ ಪಕ್ಕಕ್ಕೆ ತಳ್ಳುವ ಕಾರ್ಯಕರ್ತ ಧಣಿಗೇ ಉಪಕಾರ ಮಾಡುತ್ತಾನೆ.

ಮನೆ ಕಳೆದುಕೊಂಡವರು ಮಳೆ ಹಿಮದಲ್ಲಿ ಬಯಲಿಗೆ ಬಂದು ಡೇರೆ ಹೂಡಿದರು. ಲಡ್ಲೋ ಎಂಬಲ್ಲಿನ ಡೇರೆಗಳಲ್ಲಿ ಸುಮಾರು 1,200 ಜನ. ಯೂನಿಯನ್ನು ವಾರಕ್ಕೆ ಗಂಡಸಿಗೆ ಮೂರು ಡಾಲರು, ಹೆಂಗಸಿಗೆ ಒಂದು, ಮಗುವಿಗೆ ಅರ್ಧ ಡಾಲರಿನಂತೆ ಕೊಟ್ಟು ಚಳಿಗಾಲ ದಾಟಿಸಿತು. ಟಿಕಾಸ್ ಅಲ್ಲಿನ ಹಿರಿಯನಂತಿದ್ದ. ಅವನಿಗಾಗ ಇಪ್ಪತ್ತೆಂಟೂ ತುಂಬಿತ್ತೋ ಇಲ್ಲವೋ. 1914ರ ಏಪ್ರಿಲ್ 19 ಗ್ರೀಕರ ಈಸ್ಟರ್ ಹಬ್ಬ. ಊಟ, ಹಾಡು, ಬೇಸ್‌ಬಾಲ್ ಆಟ. ಮರುದಿನ ಬೆಳಿಗ್ಗೆ ಸಂಸ್ಥಾನದ ಮಿಲಿಷಿಯಾ ಮೆಷಿನ್‌ಗನ್ ಇಟ್ಟು ಗುಂಡು ಹಾರಿಸಿತು; ಸಂಜೆಗೆ ಡೇರೆಗಳಿಗೆ ಬೆಂಕಿ ಬಿತ್ತು. ಗುಂಡಿಗೆ ಹೆದರಿ ಡೇರೆಯ ಕೆಳಗೆ ತೋಡಿದ ಹಳ್ಳದಲ್ಲಿ ಅಡಗಿದ್ದ 2 ಹೆಂಗಸರೂ 11 ಮಕ್ಕಳೂ ಅಲ್ಲೇ ಹೊಗೆಗೆ ಸಿಕ್ಕಿ ಸತ್ತರು. ಓಡಿಹೋಗಬಹುದಾಗಿದ್ದ ಟಿಕಾಸ್ ಓಡಲಿಲ್ಲ. ಸೆರೆ ಸಿಕ್ಕ ಅವನ ತಲೆಗೆ ಲೆಫ್ಟಿನೆಂಟ್ ಲಿಂಡರ್‌ಫೆಲ್ಟ್ ಕೋವಿಯಿಂದ ಹೊಡೆದ. ಹೊಡೆತಕ್ಕೆ ಕೋವಿಯ ಹಿಡಿಯೇ ಮುರಿಯಿತು. ಆಮೇಲೆ ಬೆನ್ನಿಗೆ ಗುಂಡು. ಹೆಣ ಮೂರು ದಿನ ರೈಲುಹಾದಿಯ ಬದಿಗೆ ಬಿದ್ದಿತ್ತು. ಸೈನ್ಯದ ನ್ಯಾಯಾಲಯ ಆ ಲೆಫ್ಟಿನೆಂಟನಿಗೆ ಶಿಕ್ಷೆಯನ್ನೇ ವಿಧಿಸಲಿಲ್ಲ. ಅದೇ ಡಿಸೆಂಬರಿನಲ್ಲಿ ಮುಷ್ಕರ ಸೋತು ಮುಗಿಯಿತು.

ಕೊಲರಾಡೊದಿಂದ ಮತ್ತೆ ಯೂಟಾಕ್ಕೆ ಬರೋಣ. ಕಾರ್ಬನ್ ಕೌಂಟಿಯ ಕಾಸಲ್ ಗೇಟ್ ಕಂಪೆನಿಯ ಊರು. ಅದರ ಹತ್ತಿರದ ಹೆಲ್ಪರ್ ಹಾಗಲ್ಲ. ಅದು ರೈಲ್ವೆಯ ಊರು. ಘಾಟಿ ಹತ್ತುವ ಗಾಡಿಗೆ ಒತ್ತಾಸೆ ಕೊಡುವ ಇಂಜಿನ್ನುಗಳು ಅಲ್ಲಿ ನಿಲ್ಲುತ್ತಿದ್ದುದರಿಂದ ಆ ಹೆಸರು. ಗಣಿ ಕಂಪೆನಿಯ ಅಪ್ಪಣೆಯಿಲ್ಲದೆ ಅಂಗಡಿ ಇಡಬಹುದಾದ ಜಾಗ. ಗ್ರೀಕರು, ಇಟಲಿಯವರು, ಜಪಾನಿನವರು ಅಲ್ಲಿ ಸಾಲಾಗಿ ಅಂಗಡಿ ಹಾಕಿದರು. ಒಂದು ಕಾಲಕ್ಕೆ ಮುಷ್ಕರ ಮುರಿಯಲು ಬಂದಿದ್ದ ಗ್ರೀಕರೇ 1922ರ ಮುಷ್ಕರದಲ್ಲಿ ಮುಂದೆ ನಿಂತರು. ಅವರಲ್ಲೊಬ್ಬ ಕಂಪೆನಿಯ ಕಡೆಯ ಡೆಪ್ಯುಟಿಯ ಗುಂಡಿಗೆ ಸತ್ತ. 1924ರ ಮಾರ್ಚ್ 8ರಂದು ಕಾಸಲ್ ಗೇಟಿನ ಗಣಿ ಸ್ಫೋಟಿಸಿ ಒಳಗಿದ್ದ 171 ಜನರೂ ಹೋದರು. ಸುಮಾರು 50 ಜನ ಗ್ರೀಕರು. ಅದೇ ವರ್ಷ ಅಮೆರಿಕದ ಸಂಸತ್ತು ಗ್ರೀಸಿನಿಂದ ವರ್ಷಕ್ಕೆ ನೂರೇ ಜನ ಬರಬಹುದೆಂದು ಬೇಲಿ ಹಾಕಿತು. ಹೆಲ್ಪರಿನ ಬೆಟ್ಟಗಳ ಮೇಲೆ ಕು ಕ್ಲುಕ್ಸ್ ಕ್ಲಾನಿನವರು ಪರದೇಶಿಗಳನ್ನು ಹೆದರಿಸಲು ಶಿಲುಬೆ ಸುಟ್ಟರು. ನೆಲದೊಳಗೆ ಸಾಯಲು ಬೇಕಾದವರು ನೆಲದ ಮೇಲೆ ಬದುಕಲು ಬೇಡವಾದರು!

ಆ ಹೊತ್ತಿಗೆ ಒಂಟಿ ಗಂಡಸರ ಕಾಲ ಮುಗಿಯುತ್ತ ಬಂದಿತ್ತು. ಫೋಟೋ ನೋಡಿ ಒಪ್ಪಿ ಹಡಗು ಹತ್ತಿ ಬಂದ ಹೆಣ್ಣುಮಕ್ಕಳು ಮನೆ ಹೂಡಿದರು, ಊಟದ ಮನೆ ನಡೆಸಿದರು. ಅವರ ದುಡಿಮೆಯನ್ನು ಯಾವ ಕಂಪೆನಿಯೂ, ಹೇಳಬೇಕೆಂದರೆ ಯಾವ ಯೂನಿಯನ್ನೂ, ಲೆಕ್ಕಕ್ಕೆ ಹಿಡಿಯಲಿಲ್ಲ. ಇದನ್ನೆಲ್ಲ ಬರೆದಿಟ್ಟವಳು 1917ರಲ್ಲಿ ಆ ಕೌಂಟಿಯಲ್ಲೇ ಗ್ರೀಕ್ ದಂಪತಿಗಳಿಗೆ ಹುಟ್ಟಿದ ಹೆಲೆನ್ ಪಾಪನಿಕೋಲಾಸ್. ಟಿಕಾಸನ ಜೀವನ ಹುಡುಕಿ 1982ರಲ್ಲಿ ಪುಸ್ತಕ ಪ್ರಕಟಿಸಿದವನು ಅವಳ ಮಗ ಝೀಸ್. ಗಣಿ ಊರಿನ ಮೊಮ್ಮಗ ಬರೆಯುವವರೆಗೆ, ಅಂದರೆ 68 ವರ್ಷ, ಆ ಹೆಸರು ಬಹುಪಾಲು ಮಣ್ಣಲ್ಲೇ ಇತ್ತು. ಟ್ರಿನಿಡಾಡ್ ಪಟ್ಟಣದಲ್ಲಿ ಅವನ ಪ್ರತಿಮೆ ನಿಂತದ್ದು 2018ರಲ್ಲಿ.

ಕಾರ್ಬನ್ ಕೌಂಟಿಯಲ್ಲಿ ಯೂನಿಯನ್ನು ಕಾಲೂರಿದ್ದು 1933ರಲ್ಲಿ. ಅದೇ ವರ್ಷ ಡಿಸೆಂಬರ್ 5ರಂದು ಯೂಟಾ ಸಂಸ್ಥಾನ 36ನೆಯದಾಗಿ ಒಪ್ಪಿಗೆಯ ಮತ ಕೊಟ್ಟು ಇಡೀ ಅಮೆರಿಕದ ಪಾನನಿರೋಧವನ್ನು ಕೊನೆಗಾಣಿಸಿತು. ಗಣಿ ಊರುಗಳಲ್ಲಿ ಹಳೆಯ ಕಾಫಿ ಬೆಂಚಿನ ಪಕ್ಕದಲ್ಲಿ ಬೀರಿನ ಪೀಪಾಯಿ ಬಂತು, ಹೆಂಡತಿ ಒಳಗೆ ಅಡಿಗೆಗೆ ನಿಂತಳು, ಮಕ್ಕಳು ಶಾಲೆಯಿಂದ ಬಂದು ಲೋಟ ತೊಳೆದರು. ಊರಿಗೆ ಮರಳಲಾಗದೆ, ಮದುವೆಯನ್ನೂ ಮಾಡಿಕೊಳ್ಳದೆ ಉಳಿದ ಮುದುಕರು ಅಂಥ ಅಂಗಡಿಗಳ ಮೂಲೆಯಲ್ಲಿ ಇಸ್ಪೀಟು ಹಿಡಿದು ಕೂರುತ್ತಿದ್ದರು. ಅವರ ತಂಗಿಯರಿಗೆ ಮದುವೆಯಾಗಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು.