‘ಆರ್ಮಿ ಸ್ಲೀಪಿಂಗ್ ಬ್ಯಾಗ್, ಮೈನಸ್ 30 ಡಿಗ್ರಿಗೂ ಚಳಿ ಆಗಲ್ಲ’ ಎನ್ನುವುದು ಎಷ್ಟು ನಿಜ?

ಡಿಸೆಂಬರ್ ಹತ್ತಿರವಾದಂತೆ ಚಾರಣಿಗರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ಹಸಿರು ಅಥವಾ ಕಪ್ಪು ಬಣ್ಣದ ಸ್ಲೀಪಿಂಗ್ ಬ್ಯಾಗಿನ ಫೋಟೋ, ಅದರ ಕೆಳಗೆ ಒಂದು ಒಕ್ಕಣೆ: ಒರಿಜಿನಲ್ ಆರ್ಮಿ ಸರ್‌ಪ್ಲಸ್, ಮೈನಸ್ 30 ಡಿಗ್ರಿಗೂ ಚಳಿ ಆಗಲ್ಲ, ಸಿಯಾಚಿನ್‌ನಲ್ಲಿ ಯೋಧರು ಬಳಸುವುದೇ ಇದು. ಬೆಲೆಯೂ ಹೊಸ ಬ್ಯಾಗಿಗಿಂತ ಎಷ್ಟೋ ಕಡಿಮೆ. ಕೇದಾರಕಂಠಕ್ಕೋ ಲಡಾಖಿಗೋ ಹೊರಟವರು ತಕ್ಷಣ ಗೆಳೆಯರಿಗೆ ಫಾರ್ವರ್ಡ್ ಮಾಡಿಬಿಡುತ್ತಾರೆ.

ಸೈನ್ಯದ ಸರ್‌ಪ್ಲಸ್ ಎಂಬುದೇ ಮೋಸವೇನಲ್ಲ. ಸೇನೆಗಳು ಮಾದರಿ ಬದಲಿಸಿದಾಗ ಅಥವಾ ಅಗತ್ಯಕ್ಕಿಂತ ಹೆಚ್ಚು ದಾಸ್ತಾನು ಉಳಿದಾಗ ಹಳೆಯದನ್ನು ಹರಾಜು ಹಾಕುತ್ತವೆ. ಅದು ಕೈಯಿಂದ ಕೈಗೆ ದಾಟಿ ಅಂಗಡಿಗೆ, ಆನ್‌ಲೈನ್ ಮಾರಾಟಕ್ಕೆ ಬರುತ್ತದೆ. ಬಟ್ಟೆ ಗಟ್ಟಿ, ಜಿಪ್ ಗಟ್ಟಿ, ಒರಟು ಬಳಕೆಗೆ ಬಗ್ಗುವುದಿಲ್ಲ. ಅನುಮಾನ ಇರುವುದು ‘ಮೈನಸ್ 30’ ಎಂಬ ಸಂಖ್ಯೆಯ ಬಗ್ಗೆ. ಆ ಸಂಖ್ಯೆಯೊಂದಿಗೆ ಕೆಲವು ಷರತ್ತುಗಳೂ ಇದ್ದವು. ಸಂದೇಶದಲ್ಲಿ ಸಂಖ್ಯೆ ಮಾತ್ರ ಉಳಿದುಕೊಂಡಿದೆ, ಷರತ್ತುಗಳು ಬಿದ್ದುಹೋಗಿವೆ.

ಮೈನಸ್ 30 ಎಲ್ಲಿಂದ ಬಂತು?

ಮಾರುಕಟ್ಟೆಯಲ್ಲಿ ಹೆಚ್ಚು ಹೆಸರು ಕೇಳಿಬರುವುದು ಅಮೆರಿಕ ಸೇನೆಯ ‘ಮಾಡ್ಯುಲರ್ ಸ್ಲೀಪ್ ಸಿಸ್ಟಮ್’. ಇದು ಒಂದು ಬ್ಯಾಗ್ ಅಲ್ಲ, ಒಂದು ಸೆಟ್. ಹಸಿರು ಬಣ್ಣದ ತೆಳುವಾದ ಪೆಟ್ರೋಲ್ ಬ್ಯಾಗ್, ಕಪ್ಪು ಬಣ್ಣದ ದಪ್ಪ ಬ್ಯಾಗ್, ಇವೆರಡರ ಮೇಲೆ ನೀರು ಮತ್ತು ಗಾಳಿ ತಡೆಯುವ ಗೋರ್‌ಟೆಕ್ಸ್ ಹೊದಿಕೆ, ಇಷ್ಟನ್ನೂ ತುರುಕಿ ಕಟ್ಟಲು ಒಂದು ಚೀಲ. ಹಸಿರು ಬ್ಯಾಗಿಗೆ ಕೊಟ್ಟ ಮಿತಿ 30 ಡಿಗ್ರಿ ಫ್ಯಾರನ್‌ಹೀಟ್, ಕಪ್ಪು ಬ್ಯಾಗಿಗೆ ಮೈನಸ್ 10 ಫ್ಯಾರನ್‌ಹೀಟ್. ಎರಡನ್ನೂ ಒಂದರೊಳಗೊಂದು ಸೇರಿಸಿ ಮೇಲೆ ಹೊದಿಕೆ ಹಾಕಿದರೆ ಮೈನಸ್ 30 ಫ್ಯಾರನ್‌ಹೀಟ್.

ಮೊದಲ ಎಡವಟ್ಟು ಇಲ್ಲೇ ಆಗುವುದು. ನಾವು ಚಳಿಯನ್ನು ಅಳೆಯುವುದು ಸೆಲ್ಸಿಯಸ್‌ನಲ್ಲಿ. 30 ಫ್ಯಾರನ್‌ಹೀಟ್ ಎಂದರೆ ಸುಮಾರು ಮೈನಸ್ 1 ಸೆಲ್ಸಿಯಸ್. ಮೈನಸ್ 10 ಫ್ಯಾರನ್‌ಹೀಟ್ ಎಂದರೆ ಮೈನಸ್ 23, ಮೈನಸ್ 30 ಫ್ಯಾರನ್‌ಹೀಟ್ ಎಂದರೆ ಮೈನಸ್ 34 ಸೆಲ್ಸಿಯಸ್. ಹಾಗಿದ್ದರೆ ಕಾಗದದ ಮೇಲೆ ಇನ್ನೂ ಒಳ್ಳೆಯದೇ ಆಯಿತಲ್ಲ ಎನಿಸಬಹುದು. ಆದರೆ ಆ ಸಂಖ್ಯೆ ಪೂರ್ತಿ ಸೆಟ್ಟಿನದು. ಫೋಟೋದಲ್ಲಿ ಇರುವುದು, ಮಾರಾಟಕ್ಕೆ ಬರುವುದು ಎಷ್ಟೋ ಸಲ ಹಸಿರು ಬ್ಯಾಗ್ ಒಂದೇ. ಮೈನಸ್ 30 ಎಂದು ನಂಬಿ ಅದನ್ನು ಕೊಂಡವರ ಕೈಗೆ ಬರುವುದು ನೀರು ಹೆಪ್ಪುಗಟ್ಟುವ ಹೊತ್ತಿಗೆ ಕೈಚೆಲ್ಲುವ ಬ್ಯಾಗ್.

ಎರಡನೆಯ ಷರತ್ತು ಇದಕ್ಕಿಂತ ದೊಡ್ಡದು. ಸೇನೆಯ ಆ ಮಿತಿ ಲೆಕ್ಕ ಹಾಕಿದ್ದು ಮೈಗೆ ಉದ್ದ ಕೈಕಾಲಿನ ಥರ್ಮಲ್ ಒಳಉಡುಪು ತೊಟ್ಟು, ಕೆಳಗೆ ಮ್ಯಾಟ್ ಹಾಸಿಕೊಂಡು, ನಾಲ್ಕು ಗಂಟೆ ನಿದ್ದೆ ಮಾಡುವ ಸೈನಿಕನಿಗೆ. ರಾತ್ರಿಯಿಡೀ ಬೆಚ್ಚಗೆ ಮಲಗುವುದು ಅಲ್ಲಿನ ಗುರಿಯಾಗಿರಲಿಲ್ಲ. ಕಾವಲಿನ ಪಾಳಿಯ ನಡುವೆ ಒಂದಿಷ್ಟು ಕಣ್ಣು ಮುಚ್ಚಿ ಮತ್ತೆ ಕೆಲಸಕ್ಕೆ ಏಳುವಂತಾದರೆ ಸಾಕಿತ್ತು. ಬೆಂಗಳೂರಿನ ಕಚೇರಿಯಿಂದ ನಾಲ್ಕು ದಿನ ರಜೆ ಹಾಕಿ ಹೋದವರು ಬಯಸುವುದು ಎಂಟು ಗಂಟೆಯ ನಿದ್ದೆ. ಎರಡಕ್ಕೂ ಒಂದೇ ಸಂಖ್ಯೆ ಹೊಂದುವುದಿಲ್ಲ.

ಹೊಸ ಬ್ಯಾಗಿನ ಮೇಲಿನ ಸಂಖ್ಯೆ ಬೇರೆ ಲೆಕ್ಕ

ಅಂಗಡಿಯಲ್ಲಿ ಸಿಗುವ ಒಳ್ಳೆಯ ಬ್ಯಾಗುಗಳ ಚೀಟಿಯಲ್ಲಿ ‘ಕಂಫರ್ಟ್’, ‘ಲಿಮಿಟ್’, ‘ಎಕ್ಸ್‌ಟ್ರೀಮ್’ ಎಂಬ ಮೂರು ಸಂಖ್ಯೆಗಳು ಕಾಣುತ್ತವೆ. ಇವು ಯುರೋಪಿನ ಇಎನ್ 13537 ಎಂಬ ಮಾನದಂಡದಿಂದ ಬಂದವು. ನಂತರ ಅದರ ಜಾಗಕ್ಕೆ ಐಎಸ್‌ಒ 23537 ಬಂತು. ಮೈತುಂಬ ತಾಪಮಾಪಕಗಳಿರುವ ಬಿಸಿಯಾದ ಗೊಂಬೆಗೆ ಒಳಉಡುಪು ತೊಡಿಸಿ, ಬ್ಯಾಗಿನಲ್ಲಿ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಕಂಫರ್ಟ್ ಎಂದರೆ ಸಾಮಾನ್ಯ ಮೈಕಟ್ಟಿನ ಮಹಿಳೆ ಮೈ ಸಡಿಲಬಿಟ್ಟು ಆರಾಮವಾಗಿ ನಿದ್ರಿಸಬಹುದಾದ ತಾಪಮಾನ. ಲಿಮಿಟ್ ಎಂದರೆ ಸಾಮಾನ್ಯ ಮೈಕಟ್ಟಿನ ಪುರುಷ ಮುದುಡಿಕೊಂಡು ಎಂಟು ಗಂಟೆ ಮಲಗಬಹುದಾದ ತಾಪಮಾನ. ಎಕ್ಸ್‌ಟ್ರೀಮ್ ಎಂದರೆ ಆರು ಗಂಟೆ ಕಾಲ ಜೀವ ಉಳಿಯಬಹುದು ಎಂದಷ್ಟೇ. ಅಲ್ಲಿ ನಿದ್ದೆಯ ಮಾತೇ ಇಲ್ಲ, ಹಿಮಗಡಿತದ ಅಪಾಯವೂ ಇದೆ. ಮಾರುವವರು ದೊಡ್ಡ ಅಕ್ಷರದಲ್ಲಿ ಹಾಕುವುದು ಹಲವು ಸಲ ಈ ಕೊನೆಯದನ್ನೇ! ನೀವು ನೋಡಬೇಕಾದದ್ದು ಕಂಫರ್ಟ್.

ಇಎನ್ 13537 ತನ್ನ ವ್ಯಾಪ್ತಿಯಿಂದ ಸೈನಿಕ ಬಳಕೆಯ ಬ್ಯಾಗುಗಳನ್ನು ಹೊರಗಿಟ್ಟಿತ್ತು ಎಂಬುದೂ ಗಮನಾರ್ಹ. ಹಾಗಾಗಿ ಸರ್‌ಪ್ಲಸ್ ಬ್ಯಾಗಿನ ಮೈನಸ್ 23 ಮತ್ತು ಅಂಗಡಿ ಬ್ಯಾಗಿನ ಮೈನಸ್ 10ನ್ನು ಪಕ್ಕಪಕ್ಕ ಇಟ್ಟು ‘ಆರ್ಮಿಯದೇ ಉತ್ತಮ’ ಎನ್ನುವುದು, ಒಂದನ್ನು ಸೇರಿನಲ್ಲೂ ಇನ್ನೊಂದನ್ನು ಲೀಟರಿನಲ್ಲೂ ಅಳೆದು ಹೋಲಿಸಿದಂತೆ.

ಬ್ಯಾಗ್ ಬಿಸಿ ಕೊಡುವುದಿಲ್ಲ

ಇದು ಸರಳ ಸಂಗತಿ, ಆದರೂ ಹೆಚ್ಚಿನವರು ಮರೆಯುತ್ತಾರೆ. ಶಾಖ ಹುಟ್ಟುವುದು ನಿಮ್ಮ ಮೈಯಲ್ಲಿ. ಬ್ಯಾಗ್ ಮಾಡುವುದು ಅದನ್ನು ಹಿಡಿದಿಡುವ ಕೆಲಸವನ್ನಷ್ಟೇ. ಆ ಕೆಲಸಕ್ಕೆ ಬೇಕಾದದ್ದು ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಕೌದಿ ಬೆಚ್ಚಗಿರುವುದೂ ಪದರಗಳ ನಡುವಿನ ಗಾಳಿಯಿಂದಲೇ. ಬ್ಯಾಗ್ ಉಬ್ಬಿದಷ್ಟೂ ಗಾಳಿ ಹೆಚ್ಚು, ಚಪ್ಪಟೆಯಾದಷ್ಟೂ ಕಡಿಮೆ.

ಸರ್‌ಪ್ಲಸ್ ಬ್ಯಾಗಿನ ದೊಡ್ಡ ದೌರ್ಬಲ್ಯ ಇರುವುದು ಇಲ್ಲಿ. ಅಮೆರಿಕದ ಈ ಸೆಟ್ಟಿನೊಳಗೆ ಇರುವುದು ಪಾಲಿಯೆಸ್ಟರ್ ನಾರು. ಒದ್ದೆಯಾದರೂ ಅದು ಒಂದಿಷ್ಟು ಉಬ್ಬು ಉಳಿಸಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಬಾತುಕೋಳಿಯ ಮೃದು ಪುಕ್ಕ ತುಂಬಿದ ಡೌನ್ ಬ್ಯಾಗಿಗೆ ಆ ಗುಣವಿಲ್ಲ, ನೆನೆದರೆ ಮುದ್ದೆಯಾಗುತ್ತದೆ. ಆದರೆ ಪಾಲಿಯೆಸ್ಟರ್ ನಾರನ್ನು ಅದುಮಿ ಕಟ್ಟಿ ವರ್ಷಗಟ್ಟಲೆ ಗೋದಾಮಿನಲ್ಲಿಟ್ಟರೆ ಅದು ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ಸರ್‌ಪ್ಲಸ್ ಬ್ಯಾಗ್ ಬಹುಪಾಲು ಆಯಸ್ಸು ಕಳೆದಿರುವುದೇ ಹಾಗೆ. ಚೀಟಿಯಲ್ಲಿರುವ ಸಂಖ್ಯೆ ಅದು ಹೊಸದಿದ್ದಾಗಿನದು.

ಹಾಗಾಗಿ ಬ್ಯಾಗನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಚೀಲದಿಂದ ತೆಗೆದು, ಕೊಡವಿ, ಕೆಲವು ಗಂಟೆ ನೆಲದ ಮೇಲೆ ಹರಡಿಡಲು ಹೇಳಿ. ಅಂಗಡಿಯವರು ಒಪ್ಪದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ನಂತರ ಎದೆ, ಸೊಂಟ, ಪಾದದ ಭಾಗಗಳನ್ನು ಬೆರಳುಗಳ ನಡುವೆ ಹಿಡಿದು ದಪ್ಪ ಒಂದೇ ಸಮ ಇದೆಯೇ ನೋಡಿ. ಬೆಳಕಿಗೆ ಎತ್ತಿ ಹಿಡಿದಾಗ ಎಲ್ಲಾದರೂ ಬರೀ ಬಟ್ಟೆ ಕಂಡರೆ, ರಾತ್ರಿ ಚಳಿ ನುಗ್ಗುವುದು ಅಲ್ಲಿಂದಲೇ. ಜಿಪ್ಪನ್ನು ಮೇಲಿಂದ ಕೆಳಗೆ ಹತ್ತು ಸಲ ಎಳೆಯಿರಿ. ಬೂಷ್ಟಿನ ವಾಸನೆ ಇದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಚೀಟಿಯನ್ನೂ ಓದಿ. ನ್ಯಾಟೊ ದೇಶಗಳ ಸೈನಿಕ ವಸ್ತುಗಳಿಗೆ 13 ಅಂಕಿಯ ದಾಸ್ತಾನು ಸಂಖ್ಯೆ ಇರುತ್ತದೆ. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗ. ಸ್ಲೀಪಿಂಗ್ ಬ್ಯಾಗಿಗೆ ಅದು 8465. ನಂತರದ ಎರಡು ಅಂಕಿ ದೇಶದ್ದು: 01 ಅಮೆರಿಕ, 99 ಬ್ರಿಟನ್, 12 ಜರ್ಮನಿ. ಅಮೆರಿಕದ ಬ್ಯಾಗುಗಳಲ್ಲಿ ಇದರ ಜತೆ ಗುತ್ತಿಗೆ ಸಂಖ್ಯೆಯೂ ಇರುತ್ತದೆ. ಅದರ ಮೊದಲ ಆರು ಅಕ್ಷರ-ಅಂಕಿಗಳನ್ನು ದಾಟಿದ ಮೇಲೆ ಬರುವ ಎರಡು ಅಂಕಿ ಗುತ್ತಿಗೆಯ ವರ್ಷ. ಅಲ್ಲಿ 02 ಎಂದಿದ್ದರೆ ಆ ಗುತ್ತಿಗೆ 2002ರದು, ಅಂದರೆ ಬ್ಯಾಗಿಗೆ ಸರಿಸುಮಾರು ಇಪ್ಪತ್ತು ವರ್ಷ ದಾಟಿರುವ ಸಾಧ್ಯತೆಯೇ ಹೆಚ್ಚು. ಇಂಥ ಚೀಟಿಯೇ ಇಲ್ಲದೆ ಬರೀ ಹಸಿರು ಮಚ್ಚೆಯ ಬಟ್ಟೆ ಇದ್ದರೆ ಅದು ‘ಆರ್ಮಿ’ ಅಲ್ಲ, ಆರ್ಮಿ ಡಿಸೈನ್.

ಸಿಯಾಚಿನ್ ಹೆಸರಿನ ಬಗ್ಗೆಯೂ ಒಂದು ಮಾತು. ಸೇನೆ ಬಳಸಿದ್ದೆಲ್ಲ ಅತ್ಯುತ್ತಮ ಎಂದೇನೂ ಇಲ್ಲ. ಎತ್ತರದ ಹಿಮಪ್ರದೇಶದ ಯೋಧರಿಗೆ ಕೊಂಡ ಮುಖಗವಸು, ಜಾಕೆಟ್, ಸ್ಲೀಪಿಂಗ್ ಬ್ಯಾಗುಗಳು ಹಳೆಯ ಮಾದರಿಯವು, ಇದರಿಂದ ಸುಧಾರಿತ ವಸ್ತುಗಳು ಅವರಿಗೆ ಸಿಗದೆ ಹೋದವು ಎಂದು 2020ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಸಿಎಜಿ ವರದಿಯೇ ಹೇಳಿತ್ತು.

ಚಳಿ ಕೆಳಗಿನಿಂದಲೂ ಬರುತ್ತದೆ

ಎಷ್ಟೇ ಒಳ್ಳೆಯ ಬ್ಯಾಗ್ ಆದರೂ ನಿಮ್ಮ ಬೆನ್ನ ಕೆಳಗಿನ ಭಾಗ ಮೈಭಾರಕ್ಕೆ ಅದುಮಿ ಹೋಗುತ್ತದೆ. ಅಲ್ಲಿ ಗಾಳಿ ಇಲ್ಲ, ತಡೆಯೂ ಇಲ್ಲ. ಹಿಮದ ನೆಲ ಮೈಯ ಶಾಖವನ್ನು ನೇರವಾಗಿ ಹೀರುತ್ತದೆ. ಇದನ್ನು ತಡೆಯುವುದು ಮ್ಯಾಟ್. ಮ್ಯಾಟಿನ ಶಕ್ತಿಯನ್ನು ‘ಆರ್ ವ್ಯಾಲ್ಯೂ’ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಸಾಮಾನ್ಯ ಫೋಮ್ ಮ್ಯಾಟಿನದು 2ರ ಆಸುಪಾಸು. ಹಿಮದ ಮೇಲೆ ಮಲಗಲು 4 ಅಥವಾ ಅದಕ್ಕಿಂತ ಹೆಚ್ಚು ಬೇಕು. ಒಂದರ ಮೇಲೊಂದು ಮ್ಯಾಟ್ ಹಾಕಿದರೆ ಈ ಸಂಖ್ಯೆಗಳು ಕೂಡುತ್ತವೆ, ಅಂದರೆ ಎರಡು ಅಗ್ಗದ ಫೋಮ್ ಮ್ಯಾಟ್ ಕೂಡ ಕೆಲಸಕ್ಕೆ ಬರುತ್ತವೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಬ್ಯಾಗಿಗಿಂತ ಮೊದಲು ಮ್ಯಾಟ್ ಸರಿಮಾಡಿಕೊಳ್ಳಿ.

ಬಟ್ಟೆ ಬಿಚ್ಚಿ ಮಲಗಿದರೆ ಹೆಚ್ಚು ಬೆಚ್ಚಗಿರುತ್ತದೆ ಎಂಬ ಸಲಹೆಯೂ ಓಡಾಡುತ್ತದೆ. ಅದು ಸುಳ್ಳು. ಒಣಗಿದ ಉಣ್ಣೆ ಕಾಲುಚೀಲ, ಥರ್ಮಲ್, ಟೋಪಿ ಎಲ್ಲವೂ ಸಹಾಯವೇ. ಬೆವರಿನಿಂದ ಒದ್ದೆಯಾದ ಬಟ್ಟೆಯನ್ನು ಮಾತ್ರ ಬದಲಿಸಬೇಕು. ಫೌಜಿಗಳಂತೆ ಮಲಗುವ ಮುನ್ನ ರಮ್ ಹಾಕಿದರೆ ಮೈ ಬಿಸಿಯಾಗುತ್ತದೆ ಎಂಬ ಮಾತು ಇನ್ನೂ ಅಪಾಯಕಾರಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಹಾಗಾಗಿ ಬಿಸಿಯಾದಂತೆ ಭಾಸವಾಗುತ್ತದೆ. ಅದೇ ಹೊತ್ತಿಗೆ ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ. ಟೆಂಟಿನೊಳಗೆ ಸ್ಟೌವ್ ಅಥವಾ ಇದ್ದಿಲ ಕೆಂಡ ಇಡುವುದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು. ಅದು ದಾರಿಯಲ್ಲಿ ನಡೆಯುವಾಗ ಆದ ದುರಂತ, ಸ್ಲೀಪಿಂಗ್ ಬ್ಯಾಗಿನ ವಿಷಯವಲ್ಲ. ಆದರೆ ಜೂನ್‌ನಲ್ಲೂ ಚಳಿ ಜೀವ ತೆಗೆಯಬಲ್ಲದು ಎಂಬುದನ್ನು ಅದು ತೋರಿಸಿತು. ದೇಹದ ಒಳಗಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೊಥರ್ಮಿಯಾ. ನಡುಕ, ತಡವರಿಸುವ ಕೈ, ತೊದಲುವ ಮಾತು, ಮಂಕು, ಇವೆಲ್ಲ ಅದರ ಲಕ್ಷಣಗಳು. ಚಳಿಯಲ್ಲೇ ಇರುವವರ ನಡುಕ ನಿಂತು ಅವರು ಮಂಕಾಗುತ್ತಿದ್ದರೆ ‘ಸುಧಾರಿಸಿತು’ ಎಂದುಕೊಳ್ಳಬೇಡಿ, ಸ್ಥಿತಿ ಬಿಗಡಾಯಿಸಿದೆ ಎಂದರ್ಥ. ಪಕ್ಕದ ಟೆಂಟಿನವರನ್ನು ಎಬ್ಬಿಸಲು ಆಗ ಸಂಕೋಚ ಬೇಡ.

ಹಾಗಾದರೆ ಕೊಳ್ಳಬೇಕೋ ಬೇಡವೋ?

ಕಾರಿನಲ್ಲಿ ಹೋಗಿ ಪಕ್ಕದಲ್ಲೇ ಟೆಂಟ್ ಹಾಕುವವರಿಗೆ, ಉಬ್ಬು ಉಳಿದಿರುವ ಸರ್‌ಪ್ಲಸ್ ಸೆಟ್ ಒಳ್ಳೆಯ ಆಯ್ಕೆ. ಚಿಕ್ಕಮಗಳೂರು, ಕೊಡಗಿನ ಚಳಿಗಾಲದ ರಾತ್ರಿಗೆ ಹಸಿರು ಬ್ಯಾಗ್ ಒಂದೇ ಧಾರಾಳ ಸಾಕು. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ನಾವು ಇದನ್ನು ಹೇಳುವುದಿಲ್ಲ. ಪೂರ್ತಿ ಸೆಟ್ಟಿನ ತೂಕ ನಾಲ್ಕೂವರೆಯಿಂದ ಐದು ಕೆ.ಜಿ., ಚೀಲದಲ್ಲಿ ಅರ್ಧ ಜಾಗ ಅದಕ್ಕೇ ಹೋಗುತ್ತದೆ. ಹಿಮಾಲಯದ ಆಯೋಜಿತ ಚಾರಣಗಳಲ್ಲಿ ಸಾಮಾನ್ಯವಾಗಿ ಸಂಘಟಕರೇ ಬ್ಯಾಗ್ ಕೊಡುತ್ತಾರೆ. ಹಣ ಕಟ್ಟುವ ಮೊದಲು ಅವರನ್ನು ಎರಡು ಪ್ರಶ್ನೆ ಕೇಳಿ: ಬ್ಯಾಗಿನ ಕಂಫರ್ಟ್ ಸಂಖ್ಯೆ ಎಷ್ಟು, ಶಿಬಿರದಲ್ಲಿ ಆ ತಿಂಗಳ ರಾತ್ರಿ ತಾಪಮಾನ ಎಷ್ಟಕ್ಕೆ ಇಳಿಯುತ್ತದೆ? ಮೊದಲನೆಯದು ಎರಡನೆಯದಕ್ಕಿಂತ ನಾಲ್ಕೈದು ಡಿಗ್ರಿ ಕೆಳಗಿದ್ದರೆ ನಿಶ್ಚಿಂತೆ. ‘ಮೈನಸ್ 20 ಬ್ಯಾಗ್ ಸರ್’ ಎಂದಷ್ಟೇ ಉತ್ತರ ಬಂದರೆ ಮತ್ತೆ ಕೇಳಿ, ಅದು ಕಂಫರ್ಟೋ ಎಕ್ಸ್‌ಟ್ರೀಮೋ ಎಂದು.

ಕೊಂಡ ಬ್ಯಾಗನ್ನು ಮನೆಯಲ್ಲಿ ಅದರ ಪುಟ್ಟ ಚೀಲದೊಳಗೆ ತುರುಕಿಡಬೇಡಿ. ಹಳೆಯ ಹತ್ತಿ ಸೀರೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟರಾಯಿತು, ಮೇಲೆ ಸೂಟ್‌ಕೇಸ್ ಹೇರದಿದ್ದರೆ ಸರಿ.