ಬಹುಮಾನದ ಹಣ ಯಾರದು?

ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಿನ ಪದವೀಧರರಾದ ರಾಹುಲ್ ದ್ರಾವಿಡ್ ಅವರ ತರಬೇತುದಾರ ವೃತ್ತಿಯನ್ನು ಗೆದ್ದ ಪಂದ್ಯಗಳಿಂದ ಅಳೆಯುವುದು ವಾಡಿಕೆ. ಉದ್ಯಮಿಗಳು ಗಮನಿಸಬೇಕಾದ ಲೆಕ್ಕ ಬೇರೆಯಿದೆ. 2018ರಲ್ಲಿ ಅವರ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿಯು ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂ. ಘೋಷಿಸಿತು. ದ್ರಾವಿಡ್ ಈ ತಾರತಮ್ಯವನ್ನು ಒಪ್ಪಲಿಲ್ಲ. ಕೊನೆಗೆ ತರಬೇತಿ ಸಿಬ್ಬಂದಿಗೆಲ್ಲ ತಲಾ 25 ಲಕ್ಷವಾಯಿತು. 2024ರಲ್ಲಿ ಟಿ-20 ವಿಶ್ವಕಪ್ ಗೆದ್ದ ಬಳಿಕವೂ ತಮ್ಮ ಪಾಲಿನ 5 ಕೋಟಿಯ ಬದಲು, ಬ್ಯಾಟಿಂಗ್ ತರಬೇತುದಾರ ವಿಕ್ರಮ್ ರಾಠೋಡ್ ಮೊದಲಾದವರಿಗೆ ನಿಗದಿಯಾಗಿದ್ದ 2.5 ಕೋಟಿಯೇ ಸಾಕೆಂದರೆಂದು ಪತ್ರಿಕೆಗಳು ವರದಿ ಮಾಡಿದವು.

ಸಂಬಳವೂ ಸಮನಾಗಬೇಕೆಂದು ಇದರ ಅರ್ಥವಲ್ಲ. ಹೊಣೆಗೆ ತಕ್ಕ ಸಂಬಳ ನ್ಯಾಯವೇ. ಗೆಲುವಿನ ಬಹುಮಾನವಾದರೋ ಕೂಡಿ ಗಳಿಸಿದ್ದು. ಬನಶಂಕರಿ, ಜೆ.ಪಿ. ನಗರದ ಸಣ್ಣ ಘಟಕಗಳಲ್ಲಿ ದೊಡ್ಡ ಆರ್ಡರು ವೇಳೆಗೆ ಪೂರೈಸಿದಾಗ ಮ್ಯಾನೇಜರರಿಗೆ ಲಕೋಟೆ, ರಾತ್ರಿ ಪಾಳಿ ದುಡಿದ ಲೇತ್ ಕೆಲಸಗಾರನಿಗೆ ಸಿಹಿಯ ಡಬ್ಬಿ ಎಂಬ ಪದ್ಧತಿ ಇಂದಿಗೂ ಉಂಟು. ಕಾನೂನಿನ ಶೇ. 8.33 ಬೋನಸ್ ಕೊಟ್ಟಾಯಿತಲ್ಲ ಎಂಬುದು ಮಾಲೀಕರ ಸಮಜಾಯಿಷಿ. (ನುರಿತವನು ಪಕ್ಕದ ಬೀದಿಯ ಘಟಕಕ್ಕೆ ಹೋದ ಮೇಲೆ ಹೊಸಬನನ್ನು ಪಳಗಿಸುವ ಖರ್ಚು ಯಾವ ಖಾತೆಗೂ ಏರುವುದಿಲ್ಲ.) ಆಯುಧಪೂಜೆಗೆ ಮುನ್ನ ಪ್ರೋತ್ಸಾಹಧನದ ಪಟ್ಟಿಯನ್ನು ಮಾಲೀಕರು ಒಮ್ಮೆ ತೆರೆದು ನೋಡಲಿ.