ಯಾರ ಹೆಂಡತಿ ಅಂತ ಕೇಳುವವರಿಗೆ

ಅಕ್ಕಮಹಾದೇವಿ ಜಯಂತಿ ಬಂತೆಂದರೆ ಸಾಕು, ಊರೂರಲ್ಲೂ ಅದೇ ಭಾಷಣ: 'ಹನ್ನೆರಡನೇ ಶತಮಾನದಲ್ಲೇ ನಾವು ಹೆಣ್ಣಿಗೆ ಸಮಾನತೆ ಕೊಟ್ಟೆವು.' ಕೊಟ್ಟವರು ಯಾರು ಸ್ವಾಮಿ? ಯಾವ ಉಗ್ರಾಣದಿಂದ ತೆಗೆದು ಕೊಟ್ಟಿರಿ?

ಒಂದು ಹಳ್ಳಿ ಶಾಲೆಯಲ್ಲಿ ಈ ಭಾಷಣ ಕೇಳುತ್ತಾ ಕೂತಿದ್ದೆ. ವೇದಿಕೆ ಮೇಲೆ ಹಾರ ಹಾಕಿದ ಅಕ್ಕನ ಪಟ. ಹಿಂದೆ ಅಡುಗೆ ಕೋಣೆ ಬಾಗಿಲಲ್ಲಿ ಬಿಸಿಯೂಟದ ಪಾತ್ರೆ ತಿಕ್ಕುತ್ತಿದ್ದ ಹೆಂಗಸು. ಆ ಊಟಕ್ಕೆ ಸರ್ಕಾರ 'ಅಕ್ಷರ ದಾಸೋಹ' ಅಂತ ಶರಣರ ಮಾತನ್ನೇ ಹೆಸರಿಟ್ಟಿದೆ. ಆಕೆಯ ಹೆಸರೇನು ಅಂತ ಭಾಷಣಕಾರರನ್ನು ಕೇಳಿದೆ. ಗೊತ್ತಿರಲಿಲ್ಲ. ಪಕ್ಕದವರೊಬ್ಬರು 'ಇಂಥವನ ಹೆಂಡ್ತಿ' ಅಂತ ಗಂಡನ ಹೆಸರು ಹೇಳಿ ಸುಮ್ಮನಾದರು.

ಇದು ಹಳೇ ಪ್ರಶ್ನೆ ಗೆಳೆಯರೇ. ಉಡುತಡಿಯಿಂದ ಎಲ್ಲವನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದುಬಂದ ಅಕ್ಕನನ್ನು ಅಲ್ಲಮ ಏನು ಕೇಳಿದ ಅಂತ ಶೂನ್ಯಸಂಪಾದನೆ ಹೇಳುತ್ತದೆ? ನಿನ್ನ ಗಂಡ ಯಾರು, ಅವನ ಗುರುತು ಹೇಳು, ಆಮೇಲೆ ಕೂರು. ಅನುಭವ ಮಂಟಪದ ಬಾಗಿಲಲ್ಲಿ ಯಾವ ಗಂಡಸಿಗೂ 'ನಿನ್ನ ಹೆಂಡತಿ ಯಾರು' ಎಂಬ ಪರೀಕ್ಷೆ ಇರಲಿಲ್ಲ. ಅಕ್ಕ ಉತ್ತರ ಕೊಟ್ಟು ಗೆದ್ದಳು ಅಂತ ಕುಣಿಯುತ್ತೇವೆ. ಆ ಪ್ರಶ್ನೆ ಯಾಕೆ ಬಂತು ಅಂತ ಕೇಳುವುದಿಲ್ಲ. ಅದನ್ನು ಬರೆದು ಜೋಡಿಸಿದವರು ಅಕ್ಕ ಹೋಗಿ ಸುಮಾರು ಮುನ್ನೂರು ವರ್ಷದ ಮೇಲೆ, ಹದಿನೈದನೇ ಶತಮಾನದಲ್ಲಿ ಬಂದ ಗಂಡಸರು ಎಂಬುದನ್ನೂ ಮರೆಯುತ್ತೇವೆ.

ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕ ಕೌಶಿಕನನ್ನು ಮದುವೆಯಾದಳು ಎಂದ ಹರಿಹರ. ಆಗಲೇ ಇಲ್ಲ ಎಂದ ಚಾಮರಸ. ನಮ್ಮ ಪಂಡಿತರು ಇಪ್ಪತ್ತನೇ ಶತಮಾನದಲ್ಲೂ ಈ ಪಂಚಾಯ್ತಿ ಮಾಡಿದರು. ಅರಮನೆಯನ್ನೇ ಒದ್ದುಬಂದವಳ ಧೈರ್ಯಕ್ಕಿಂತ ಅವಳ ಕನ್ಯತ್ವ ಇವರಿಗೆ ದೊಡ್ಡ ಚಿಂತೆ!

ಅಕ್ಕನನ್ನು ಅಟ್ಟಕ್ಕೇರಿಸಿದ ಭರದಲ್ಲಿ ನೆಲದಲ್ಲಿ ಉಳಿದವರನ್ನು ನೋಡಿ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದವಳು. ಕದಿರ ರೆಮ್ಮವ್ವೆ ನೂಲು ತೆಗೆದವಳು. ಸತ್ಯಕ್ಕ ಕಸ ಗುಡಿಸಿದವಳು. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ 'ತಗೊಂಡು ಹೋಗಿ ಅಲ್ಲೇ ಸುರಿದು ಬಾ' ಎಂದು ವಾಪಸ್ಸು ಅಟ್ಟಿದವಳು ಆಯ್ದಕ್ಕಿ ಲಕ್ಕಮ್ಮ. ಸೂಳೆ ಸಂಕವ್ವೆ ತನ್ನ ದೇವರನ್ನು ನಿರ್ಲಜ್ಜೇಶ್ವರ ಎಂದು ಕರೆದಳು. ತನಗೆ ಲಜ್ಜೆ ಕಲಿಸಲು ಬಂದ ಊರಿಗೆ ಲಜ್ಜೆಯಿಲ್ಲದ ದೇವರನ್ನೇ ಎದುರು ನಿಲ್ಲಿಸಿದ ಎದೆಗಾರಿಕೆ ಅದು. ಅವಳದು ಉಳಿದಿರುವುದು ಒಂದೇ ಒಂದು ವಚನ. ಉಳಿದದ್ದನ್ನು ಗೆದ್ದಲು ತಿಂತೋ, ಮಾನವಂತರು ತಿಂದರೋ!

ಇವರೆಲ್ಲ ಯಾರು? ದುಡಿಯುವ ಹೆಂಗಸರು. ವೇದ ಕೇಳಬಾರದು ಅಂತ ಕಿವಿ ಮುಚ್ಚಿಸಿದ ಸಮಾಜದಲ್ಲಿ ಬಾಯಿ ತೆರೆದವರು. ಇವರಿಗೆ ಯಾರೂ ಏನೂ ಕೊಡಲಿಲ್ಲ. ಕುಟ್ಟಿದ, ನೂತ, ಗುಡಿಸಿದ ಕೈಯಿಂದಲೇ ಕಿತ್ತುಕೊಂಡರು. ಆದರೆ ವಚನದ ಕಟ್ಟುಗಳನ್ನು ತೆರೆದು ನೋಡಿ: ಇಂಥವರ ಪುಣ್ಯಸ್ತ್ರೀ, ಅಂಥವರ ಪುಣ್ಯಸ್ತ್ರೀ. ದಲಿತ ಶರಣ ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ ಸ್ವಂತ ಬುದ್ಧಿಯಿಂದ ವಚನ ಕಟ್ಟಿದಳು; ಅಂಕಿತ ಮಾತ್ರ 'ಉರಿಲಿಂಗಪೆದ್ದಿಗಳರಸ'. ದೇವರ ಹತ್ತಿರ ಹೋಗಲಿಕ್ಕೂ ಗಂಡನ ಹೆಸರಿನ ಮೇಲೇ ಹಾದುಹೋಗಬೇಕು. ಕೆಲವರು ಇದನ್ನು ಪ್ರೀತಿ ಎನ್ನುತ್ತಾರೆ. ಇರಬಹುದು. ಹಾಗಾದರೆ ಹೆಂಡತಿಯ ಹೆಸರನ್ನು ಅಂಕಿತ ಮಾಡಿಕೊಂಡ ಒಬ್ಬ ಶರಣನನ್ನು ತೋರಿಸಿ ನೋಡೋಣ.

ಕನ್ನಡದ್ದಷ್ಟೇ ರೋಗವಲ್ಲ ಇದು. ಬಿಜ್ಜಳನ ನೆನಪಿರುವ ಮಂಗಳವೇಢೆಗೇ ಹೋಗೋಣ. ಹದಿನಾಲ್ಕನೇ ಶತಮಾನದಲ್ಲಿ ಅಲ್ಲಿ ಮಹಾರ ಚೋಖಾಮೇಳ ವಿಠ್ಠಲನನ್ನು ಹಾಡಿದ. ಪಂಢರಪುರದ ಗುಡಿಯೊಳಗೆ ಅವನನ್ನು ಬಿಡಲಿಲ್ಲ. ಸತ್ತ ಮೇಲೆ ಮಹಾದ್ವಾರದ ಬುಡದಲ್ಲಿ ಸಮಾಧಿ ಸಿಕ್ಕಿತು. ಅವನ ಹೆಂಡತಿ ಸೋಯರಾಬಾಯಿಯೂ ಅಭಂಗ ಕಟ್ಟಿದಳು. ಗುಡಿ ಬಾಗಿಲ ಮೈಲಿಗೆಯನ್ನು ಹೆಂಗಸಿನ ಮೈಯೊಳಗಿನ ಮುಟ್ಟುಚಟ್ಟಿನವರೆಗೆ ಎಳೆತಂದು ಪ್ರಶ್ನೆ ಮಾಡಿದಳು. ಅಸ್ಪೃಶ್ಯತೆ, ಹೆಣ್ತನ ಎರಡೂ ಒಂದೇ ಬೆನ್ನ ಮೇಲೆ ಬಿದ್ದವಳಿಗಲ್ಲದೆ ಆ ಪ್ರಶ್ನೆ ಇನ್ಯಾರಿಗೆ ಹೊಳೆಯಬೇಕು? ಅವಳ ಅಂಕಿತ ಏನು ಗೊತ್ತೆ? 'ಚೋಖನ ಮಹಾರಿ'. ಒಂದು ಮಾತಿನಲ್ಲಿ ಗಂಡ, ಇನ್ನೊಂದರಲ್ಲಿ ಜಾತಿ. ನಾಮದೇವನ ಮನೆಯಲ್ಲಿ ಬೀಸಿ, ಸಗಣಿ ಬಾಚಿ ಹಾಡಿದ ಜನಾಬಾಯಿ 'ನಾಮದೇವನ ದಾಸಿ ಜನಿ'. ವಿಠ್ಠಲನೇ ಬಂದು ಅವಳ ಜೊತೆ ಬೀಸಿದ ಅಂತ ಭಕ್ತರು ಕಣ್ಣೀರಿಡುತ್ತಾರೆ. ದೇವರು ಬೀಸಿದ, ಸರಿ. ಮನೆಯ ಗಂಡಸರೇಕೆ ಬೀಸಲಿಲ್ಲ? ಪಂಢರಪುರದ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಅದೂ ಸಾನೆ ಗುರೂಜಿ ಉಪವಾಸ ಕೂತ ಮೇಲೆ.

ಬೀಸುಕಲ್ಲಿನ ಮಾತು ಬಂತಲ್ಲ, ಬಿಜಾಪುರಕ್ಕೆ ಬನ್ನಿ. ಅಲ್ಲಿನ ಸೂಫಿಗಳು ದಖನಿ ಮಾತಿನಲ್ಲಿ 'ಚಕ್ಕಿನಾಮಾ' ಎಂಬ ಹಾಡು ಕಟ್ಟಿದರು. ಕಲ್ಲಿನ ಗೂಟಕ್ಕೆ ದೇವರ ಅರ್ಥ, ಅದರ ಇನ್ನೊಂದು ಭಾಗಕ್ಕೆ ಪ್ರವಾದಿಯ ಅರ್ಥ ಹಚ್ಚಿದ ಹಾಡುಗಳು. ನೂಲುವವರಿಗೆ 'ಚರಖಾನಾಮಾ'. ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ತಂದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ: ಧರ್ಮ ಮನೆಯೊಳಗೆ ಹೊಕ್ಕದ್ದು ಬೀಸುವ ಹೆಂಗಸರ ಬಾಯಿಂದ, ಅವರ ಮಡಿಲ ಮಕ್ಕಳ ಕಿವಿಗೆ. ಪಂಡಿತರ ಪಾರ್ಸಿ ಬಿಟ್ಟು ಬಡ ಹೆಂಗಸಿನ ಮಾತಿಗೆ ಬಂದ ಆ ಸೂಫಿಗಳನ್ನು ಮೆಚ್ಚಲೇಬೇಕು. ಆದರೆ ಬೀಸುತ್ತಾ ಹಾಡುವುದನ್ನು ಅವರಿಗೆ ಕಲಿಸಿದವರು ಯಾರು? ನಮ್ಮವ್ವಂದಿರ ಬೀಸುವ ಪದ. ರಾಗ ಹೆಣ್ಣಿನದು, ರಟ್ಟೆ ಹೆಣ್ಣಿನದು. ಗದ್ದುಗೆ ಮತ್ತು ಪೀರನೆಂಬ ಹೆಸರು ಗಂಡಿನದು.

ದೆಹಲಿಯಲ್ಲಿ ಹದಿಮೂರನೇ ಶತಮಾನದಲ್ಲಿ ಬೀಬಿ ಫಾತಿಮಾ ಸಾಮ್ ಎಂಬ ಸಂತಳಿದ್ದಳು. ಹಜರತ್ ನಿಜಾಮುದ್ದೀನ್ ಔಲಿಯಾ ಅವಳ ಬಗ್ಗೆ ಭಕ್ತಿಯಿಂದ ಮಾತಾಡುತ್ತಿದ್ದರು. ಅದೇ ನಿಜಾಮುದ್ದೀನರ ಸಮಾಧಿಯ ಒಳಕೋಣೆಗೆ ಹೆಂಗಸರನ್ನು ಬಿಡುವುದಿಲ್ಲ ಅಂತ 2018ರಲ್ಲಿ ಕಾನೂನು ವಿದ್ಯಾರ್ಥಿನಿಯರು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಮುಂಬೈಯ ಹಾಜಿ ಅಲಿ ದರ್ಗಾದ ಒಳಗುಡಿ ತೆರೆದದ್ದೂ ಮುಸ್ಲಿಂ ಹೆಂಗಸರೇ ಹೋರಾಡಿ 2016ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ತಂದ ಮೇಲೆ. ದರ್ಗಾದ ಮಾತು ಬಂದ ಕೂಡಲೇ ಚಪ್ಪಾಳೆ ತಟ್ಟುವ ಕೇಸರಿ ಗೆಳೆಯರೇ, ನಿಲ್ಲಿ. ಗಂಧದ ಬಟ್ಟಲು ಹಿಡಿದವನೂ ಗಂಟೆ ಹಿಡಿದವನೂ ಬಾಗಿಲು ಮುಚ್ಚುವುದರಲ್ಲಿ ಅಣ್ಣತಮ್ಮಂದಿರೇ. ಭಕ್ತಿಯ ಹೆಸರಲ್ಲೇ ದಲಿತ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿಸಿದ ನಾಡು ನಮ್ಮದು. ಅದನ್ನು ನಿಲ್ಲಿಸಲು 1982ರಲ್ಲಿ ಕಾಯ್ದೆಯೇ ಬೇಕಾಯಿತು.

ಇಷ್ಟು ಹೇಳಿದರೆ ನಮ್ಮ ಕೆಲವು ಕ್ರಾಂತಿಕಾರಿ ಮಿತ್ರರು 'ಭಕ್ತಿ ಅಫೀಮು, ಅದನ್ನೇನು ಕೆದಕ್ತೀರಿ' ಅನ್ನುತ್ತಾರೆ. ತಪ್ಪು. ಓದು ಇಲ್ಲದ, ಜಮೀನಿಲ್ಲದ, ಗುಡಿಗೆ ಪ್ರವೇಶವಿಲ್ಲದ ಹೆಂಗಸು 'ನನ್ನ ದೇವರ ಜೊತೆ ನಾನೇ ಮಾತಾಡ್ತೀನಿ, ನಡುವೆ ನೀನ್ಯಾರು' ಎಂದದ್ದು ಬಂಡಾಯವೇ. ಆ ಬಂಡಾಯವನ್ನು ಆಮೇಲೆ ಮಠ ನುಂಗಿತು, ಫಡ ನುಂಗಿತು, ಖಾನ್‌ಖಾ ನುಂಗಿತು. ಕಲ್ಯಾಣದ ಕಾಲದಿಂದ ಲೆಕ್ಕ ಹಾಕಿ: ಮಾತೆ ಮಹಾದೇವಿ ಜಗದ್ಗುರು ಪೀಠದಲ್ಲಿ ಕೂತದ್ದು 1970ರಲ್ಲಿ. ಮಾತು ಹೆಣ್ಣಿಗೆ, ಪೀಠ ಗಂಡಿಗೆ ಎಂಬ ಪಾಲು ಎಂಟು ಶತಮಾನ ನಡೆಯಿತು.

ಇನ್ನು ನಮ್ಮ ಮನೆಗೆ ಬರೋಣ. ನಮ್ಮ ಸಂಘಟನೆಗಳಲ್ಲಿ ಆಶಯ ಗೀತೆ ಹಾಡುವವರು ಯಾರು? ಜಾಥಾಕ್ಕೆ ರೊಟ್ಟಿ ಬಡಿದು ಕಳಿಸುವವರು ಯಾರು? ನಿರ್ಣಯ ಬರೆಯುವವರು, ಅಧ್ಯಕ್ಷತೆ ವಹಿಸುವವರು ಯಾರು? ಹೋರಾಟಗಾರನ ಹೆಂಡತಿಯನ್ನು ನಾವೂ 'ಇಂಥವರ ಮನೆಯವರು' ಅಂತ ಪರಿಚಯಿಸುತ್ತೇವೆ. ಇದು ಪುಣ್ಯಸ್ತ್ರೀ ಎಂಬ ಮಾತಿನ ಕೆಂಪು ಬಾವುಟದ ಅವತರಣಿಕೆ, ನೀಲಿ ಬಾವುಟದ ಅವತರಣಿಕೆ. ನಾಚಿಕೆ ಆಗಬೇಕು ನಮಗೆ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಜಯಂತಿಗೆ ಸಂಕವ್ವೆಯ ಆ ಒಂದು ವಚನವನ್ನು ಮಕ್ಕಳಿಗೆ ಓದಿ ಹೇಳಿ. 'ಸೂಳೆ' ಎಂಬ ಮಾತು ಬಂತೆಂದು ಪುಟ ಮಗುಚಬೇಡಿ. ಮಕ್ಕಳ ಅಜ್ಜಿಯರು ಬೀಸುವಾಗ ಹಾಡಿದ್ದನ್ನು ಬರೆಸಿ, ಕೆಳಗೆ ಅಜ್ಜಿಯ ಹೆಸರನ್ನೇ ಹಾಕಿಸಿ. ದಲಿತ ಹೆಂಗಸು ಮಾಡಿದ ಬಿಸಿಯೂಟ ಬೇಡವೆಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಸುದ್ದಿಗಳು ನಮ್ಮ ನಾಡಿನಿಂದಲೇ ಬಂದಿವೆ. ಆಕೆಯ ಪಕ್ಕ ಕೂತು ಮೊದಲು ನೀವು ಉಣ್ಣಿ. ಅದಾಗದಿದ್ದರೆ ಅಕ್ಕನ ಪಟಕ್ಕೆ ಹಾರ ಹಾಕಬೇಡಿ.

ಆ ದಿನ ಸಭೆ ಮುಗಿದ ಮೇಲೆ ಅಡುಗೆ ಕೋಣೆಗೆ ಹೋಗಿ ಆಕೆಯನ್ನೇ ಕೇಳಿದೆ. 'ನನ್ ಹೆಸ್ರು ಯಾಕ್ರೀ ಸಾರ್, ಏನಾರ ತಪ್ಪಾಯ್ತಾ?' ಅಂದಳು.

ಹೆಸರು ಕೇಳಿದರೆ ಹೆದರುವ ಹಾಗೆ ಅವಳನ್ನು ಇಟ್ಟವರು ನಾವು. ಸಮಾನತೆ ಕೊಟ್ಟೆವಂತೆ!